'ದೊಡ್ಡದನ್ನು ಹುಡುಕು' ಅಂದರೆ ಏನು ಮಾಡಬೇಕು?

ಪ್ರೋಗ್ರಾಮಿಂಗ್ ಕಲಿಯಲು ಶುರು ಮಾಡಿದವರಿಗೆ ಎಲ್ಲರೂ ಹೇಳುವ ಮಾತು ಒಂದೇ: ಮೊದಲು ಸೂಡೋಕೋಡ್ ಬರಿ, ಆಮೇಲೆ ಕೋಡ್. ಸೂಡೋಕೋಡ್ ಅಂದರೆ ಪ್ರೋಗ್ರಾಮ್ ಮಾಡಬೇಕಾದ ಕೆಲಸವನ್ನು ನಮ್ಮ ಮಾತಿನಲ್ಲೇ ಹೆಜ್ಜೆ ಹೆಜ್ಜೆಯಾಗಿ ಬರೆದುಕೊಳ್ಳುವುದು. ಕೇಳುವವರು ತಲೆಯಾಡಿಸುತ್ತಾರೆ. ಆಮೇಲೆ ನಡೆಯುವುದೇ ಬೇರೆ. ಮೊದಲು ಹೇಗೋ ಕೋಡ್ ಬರೆಯುತ್ತಾರೆ. ಅದು ಓಡುವವರೆಗೂ ಅಲ್ಲೊಂದು ಇಲ್ಲೊಂದು ತಿದ್ದುತ್ತಾರೆ. ಓಡಿದ ಮೇಲೆ ಅದನ್ನೇ ನೋಡಿಕೊಂಡು, ಬ್ರಾಕೆಟ್ಟು ಸೆಮಿಕೋಲನ್ ಎಲ್ಲ ಕಿತ್ತು, ಮೇಲೆ 'ಸೂಡೋಕೋಡ್' ಅಂತ ತಲೆಬರಹ ಹಾಕಿ ನೋಟ್‌ಬುಕ್ಕಿಗೆ ಇಳಿಸುತ್ತಾರೆ. ಮನೆ ಕಟ್ಟಿ ಮುಗಿಸಿ ಆಮೇಲೆ ಕೂತು ನಕ್ಷೆ ಬರೆದ ಹಾಗೆ. ಬಿಡುವಿದ್ದಾಗ ಹೊಸಬರಿಗೆ ಹೇಳಿಕೊಡುವ ನನಗೆ ಇದು ಬಹಳ ದಿನ ಕಿರಿಕಿರಿ ಮಾಡಿತ್ತು. ಸೋಮಾರಿಗಳು ಅಂತ ಬೈದು ಸುಮ್ಮನಾಗೋಣ ಅಂದರೆ ಇವರು ಸೋಮಾರಿಗಳೂ ಅಲ್ಲ. ಒಂದು ಬಗ್ (ಕೋಡಿನೊಳಗಿನ ತಪ್ಪು) ಹಿಂದೆ ಬಿದ್ದು ಊಟ ನಿದ್ದೆ ಮರೆಯುವವರು. ಅಂಥವರು ಹತ್ತು ಸಾಲು ಬರೆಯಲು ಯಾಕೆ ಹಿಂದೇಟು ಹಾಕುತ್ತಾರೆ?

ಈಗ ನನಗನ್ನಿಸುವುದು, ತಪ್ಪು ಹೆಚ್ಚಾಗಿ ನಾವು ಕೊಡುವ ಲೆಕ್ಕದಲ್ಲಿದೆ. 'ಎರಡು ಸಂಖ್ಯೆ ಕೂಡಿಸಿ ಉತ್ತರ ತೋರಿಸು' ಎಂಬ ಲೆಕ್ಕಕ್ಕೆ ಸೂಡೋಕೋಡ್ ಕೇಳಿದರೆ ಯಾರು ತಾನೇ ಮನಸ್ಸಿಟ್ಟು ಬರೆಯುತ್ತಾರೆ? ಅಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ. ಒಂದೂ ನಿರ್ಧಾರ ಇಲ್ಲದ ಕಡೆ ಯೋಜನೆ ಹಾಕು ಅಂದರೆ ಅದು ಬರೀ ಕಾಗದದ ಕೆಲಸ. ಇನ್ನೊಂದು ತುದಿಯಲ್ಲಿ 'ಲೈಬ್ರರಿ ನಿರ್ವಹಣೆಯ ಪ್ರೋಗ್ರಾಮ್ ಬರೆಯಿರಿ' ಎನ್ನುವವರೂ ಇದ್ದಾರೆ. ಅಲ್ಲಿ ನಿರ್ಧಾರಗಳು ಎಷ್ಟು ಜಾಸ್ತಿ ಅಂದರೆ ಹೊಸಬರಿಗೆ ಪೆನ್ನು ಎಲ್ಲಿ ಇಡಬೇಕು ಅನ್ನುವುದೇ ತಿಳಿಯುವುದಿಲ್ಲ. ಇವೆರಡರ ನಡುವೆ ಒಂದು ಲೆಕ್ಕ ಬೇಕು. ಓದಿದ ತಕ್ಷಣ 'ಅಯ್ಯೋ, ಇಷ್ಟೇನಾ' ಅನ್ನಿಸಬೇಕು, ಕೈ ಹಾಕಿದ ಮೇಲೆ 'ಒಂದ್ನಿಮಿಷ ಇರಿ' ಅನ್ನುವಂತಾಗಬೇಕು. ನಾನು ಈಚೆಗೆ ಹೆಚ್ಚಾಗಿ ಕೊಡುವುದು ಇದು: ಒಂದಷ್ಟು ಸಂಖ್ಯೆಗಳಲ್ಲಿ ಎರಡನೇ ದೊಡ್ಡ ಸಂಖ್ಯೆ ಯಾವುದು, ಹುಡುಕಿ.

ಚೀಟಿಗಳನ್ನು ಮಗುಚಿ ಇಟ್ಟಾಗ

ಈ ಲೆಕ್ಕಕ್ಕೆ ಒಬ್ಬ ಹುಡುಗಿ ಬರೆದುಕೊಂಡು ಬಂದ ಸೂಡೋಕೋಡ್ ಮೂರೇ ಸಾಲು.

ಸಂಖ್ಯೆಗಳನ್ನು ತಗೋ
ಎರಡನೇ ದೊಡ್ಡದನ್ನು ಹುಡುಕು
ಅದನ್ನು ತೋರಿಸು

ತಪ್ಪು ಅನ್ನುವ ಹಾಗಿಲ್ಲ. ಒಂದೊಂದು ಸಾಲೂ ನಿಜ. ಆದರೆ ಇಡೀ ಲೆಕ್ಕ ಎರಡನೇ ಸಾಲಿನೊಳಗೆ ಬೆಚ್ಚಗೆ ಮಲಗಿದೆ. "ಹೇಗೆ ಹುಡುಕ್ತೀಯಮ್ಮಾ?" ಅಂದೆ. ಕಾಗದದ ಮೇಲೆ ಐದು ಸಂಖ್ಯೆ ಬರೆದುಕೊಂಡಳು, ಕಣ್ಣು ಹಾಯಿಸಿದಳು, "ಒಂಬತ್ತು ಸರ್" ಅಂದಳು. "ಅದೇ, ಹೇಗೆ ಗೊತ್ತಾಯ್ತು?" "ನೋಡಿದೆ, ಗೊತ್ತಾಯ್ತು."

ಅವಳು ಹೇಳಿದ್ದು ಸುಳ್ಳಲ್ಲ. ಐದು ಸಂಖ್ಯೆಗಳನ್ನು ಕಣ್ಣು ಒಟ್ಟಿಗೆ ನೋಡಿಬಿಡುತ್ತದೆ. ಒಳಗೆ ಏನು ನಡೆಯಿತು ಅಂತ ನಮಗೇ ತಿಳಿಯುವುದಿಲ್ಲ. ಹೊಸಬರಿಗೆ ಇದೇ ದೊಡ್ಡ ತೊಡಕು. ಮಾಡಲು ಬರುತ್ತದೆ, ಹೇಗೆ ಮಾಡಿದೆವು ಅಂತ ಹೇಳಲು ಬರುವುದಿಲ್ಲ. ಸರಿ, ಆ ಐದು ಸಂಖ್ಯೆಗಳನ್ನೇ ಐದು ಚೀಟಿಗಳಲ್ಲಿ ಬರೆದು ಮಗುಚಿ ಇಟ್ಟೆ. ಒಂದು ಸಲಕ್ಕೆ ಒಂದೇ ಚೀಟಿ ತೆರೆಯಬೇಕು, ಬೇಡವಾದದ್ದನ್ನು ಪಕ್ಕಕ್ಕೆ ಎಸೆಯಬೇಕು, ಎಸೆದದ್ದನ್ನು ಮತ್ತೆ ನೋಡುವಂತಿಲ್ಲ. ಇಷ್ಟೇ ನಿಯಮ.

"ಒಂದನ್ನ ಕೈಲಿ ಇಟ್ಕೋಬಹುದಾ ಸರ್?" ಅಂತ ಕೇಳಿದಳು. ಎಷ್ಟು ಬೇಕು ಅಂತ ನೀನೇ ಹೇಳು ಅಂದೆ. "ಒಂದು ಸಾಕು" ಅಂದವಳು ಸ್ವಲ್ಪ ತಡೆದು, "ಇಲ್ಲ, ಎರಡು ಬೇಕು" ಅಂದಳು. ವೇರಿಯಬಲ್ ಅಂದರೆ ಡಬ್ಬಿ, ಡಬ್ಬಿಗೆ ಹೆಸರಿಡಬೇಕು ಅಂತೆಲ್ಲ ಅದಕ್ಕೂ ಮೊದಲು ಅವಳಿಗೆ ಎಲ್ಲೋ ಹೇಳಿಕೊಟ್ಟಿದ್ದರು. ಆದರೆ ಈ ಲೆಕ್ಕಕ್ಕೆ ಎರಡು ವೇರಿಯಬಲ್ ಬೇಕು ಅನ್ನುವುದನ್ನು ಅವಳು ಕಂಡುಕೊಂಡಿದ್ದು ಆ ಕ್ಷಣದಲ್ಲಿ, ತನಗೆ ಬೇಕಾಗಿದ್ದರಿಂದ.

ಮೊದಲ ಚೀಟಿ 4. ಇಟ್ಟುಕೊಂಡಳು. ಎರಡನೆಯದು 9. ಅದನ್ನು ಎಡಗಡೆ ಇಟ್ಟು 4ನ್ನು ಬಲಗಡೆ ಸರಿಸಿದಳು. ಮೂರನೆಯದು 2, ಎಸೆದಳು. ನಾಲ್ಕನೆಯದು 7. ಎಡಗಡೆಯ 9ನ್ನು ಮುಟ್ಟಲಿಲ್ಲ, ಬಲಗಡೆಯ 4ನ್ನು ಎಸೆದು ಅಲ್ಲಿ 7 ಇಟ್ಟಳು. ಕೊನೆಯದು 12. ಇಲ್ಲಿ ಕೈ ಒಂದು ಗಳಿಗೆ ನಿಂತಿತು. ಬಲಗಡೆಯ 7ನ್ನು ಎಸೆದು, 9ನ್ನು ಎಡದಿಂದ ಬಲಕ್ಕೆ ಸರಿಸಿ, ಖಾಲಿಯಾದ ಎಡಗಡೆ 12 ಇಟ್ಟಳು. ಉತ್ತರ 9.

ಈಗ ನಿನ್ನ ಕೈ ಮಾಡಿದ್ದನ್ನೇ ಬರಿ ಅಂದೆ. ಇವಳ ಎರಡನೇ ಸಾಲು ಬಿಚ್ಚಿಕೊಂಡು ಇಷ್ಟಾಯಿತು:

ಮೊದಲ ಎರಡು ಸಂಖ್ಯೆ ತಗೋ
ಅವುಗಳಲ್ಲಿ ದೊಡ್ಡದನ್ನು 'ದೊಡ್ಡದು' ಅಂತ, ಇನ್ನೊಂದನ್ನು 'ಎರಡನೆಯದು' ಅಂತ ಇಟ್ಟುಕೋ
ಉಳಿದ ಪ್ರತಿ ಸಂಖ್ಯೆಗೆ:
    ಸಂಖ್ಯೆ > ದೊಡ್ಡದು ಆದರೆ:
        ದೊಡ್ಡದು = ಸಂಖ್ಯೆ
        ಎರಡನೆಯದು = ದೊಡ್ಡದು
    ಇಲ್ಲದಿದ್ದರೆ, ಸಂಖ್ಯೆ > ಎರಡನೆಯದು ಆದರೆ:
        ಎರಡನೆಯದು = ಸಂಖ್ಯೆ
'ಎರಡನೆಯದು' ತೋರಿಸು

ಗಮನಿಸಿದಿರಾ? ಕೈ ಸರಿಯಾಗಿ ಮಾಡಿತ್ತು, ಪೆನ್ನು ತಿರುವುಮುರುವು ಮಾಡಿತು. ಮೊದಲು 'ದೊಡ್ಡದು = 12' ಆಗಿಬಿಟ್ಟರೆ 9 ಎಲ್ಲಿ ಉಳಿಯಿತು? ಮುಂದಿನ ಸಾಲಿಗೆ ಬರುವಾಗ ಎರಡೂ ಕಡೆ 12. ಉತ್ತರ 12 ಅಂತ ಬರುತ್ತದೆ. ಚೀಟಿಗಳ ಜೊತೆ ಈ ತಪ್ಪು ಆಗುವುದಿಲ್ಲ, ಯಾಕೆಂದರೆ ಮೇಜಿನ ಮೇಲೆ 9ರ ಚೀಟಿಯೂ ಇದೆ, ಕೈಯಲ್ಲಿ 12ರ ಚೀಟಿಯೂ ಇದೆ. ವೇರಿಯಬಲ್ಲಿಗೆ ಹೊಸದನ್ನು ಹಾಕಿದರೆ ಹಳೆಯದು ಅಳಿಸಿಹೋಗುತ್ತದೆ. ನಾನು ಬಾಯಿ ಬಿಡಲಿಲ್ಲ. ಪಕ್ಕದಲ್ಲಿ ಎರಡು ಕಾಲಂ ಗೀಚಿ, ಒಂದಕ್ಕೆ 'ದೊಡ್ಡದು', ಇನ್ನೊಂದಕ್ಕೆ 'ಎರಡನೆಯದು' ಅಂತ ಬರೆದು, ಸಾಲು ಸಾಲಾಗಿ ತುಂಬುತ್ತಾ ಬಾ ಅಂದೆ. 12ಕ್ಕೆ ಬಂದಾಗ ಅವಳೇ "ಅಯ್ಯೋ" ಅಂದು ಎರಡು ಸಾಲುಗಳ ಮಧ್ಯೆ ಬಾಣ ಎಳೆದು ಅದಲುಬದಲು ಮಾಡಿದಳು. ಇನ್ನೂ ಒಂದಕ್ಷರ ಕೋಡ್ ಬರೆದಿರಲಿಲ್ಲ, ಬಗ್ ಹುಟ್ಟಿ ಸತ್ತೂ ಆಗಿತ್ತು.

ಇದನ್ನೇ ಆಮೇಲೆ ಡ್ರೈ ರನ್ ಅಂತ ಕರೆಯುವುದು ಅಂತ ಹೇಳಿದೆ. ಹೆಸರು ಮೊದಲೇ ಹೇಳಿದ್ದರೆ ಅದೂ ಇನ್ನೊಂದು ನಿಯಮವಾಗುತ್ತಿತ್ತು.

ಒಂದು ಸಾಲು ಎಷ್ಟು ದೊಡ್ಡದಿರಬೇಕು?

ಸೂಡೋಕೋಡಿಗೆ ವ್ಯಾಕರಣ ಇಲ್ಲ ಅಂತಾರೆ. ಹಾಗಾಗಿ ಹೊಸಬರು ಎರಡು ದಿಕ್ಕಿಗೆ ಓಡುತ್ತಾರೆ. ಕೆಲವರದು ಕಥೆ: 'ಬಳಕೆದಾರರು ನೀಡಿದ ಸಂಖ್ಯೆಗಳನ್ನು ಸೂಕ್ತವಾಗಿ ಪರಿಶೀಲಿಸಿ ಫಲಿತಾಂಶ ನೀಡುವುದು.' ಇದನ್ನು ಹಿಡಿದುಕೊಂಡು ಕಂಪ್ಯೂಟರ್ ಇರಲಿ, ಮನುಷ್ಯರೂ ಏನೂ ಮಾಡಲಾರರು. ಇನ್ನು ಕೆಲವರದು ಮಾರುವೇಷ ಹಾಕಿದ ಕೋಡ್. ಐ ಈಕ್ವಲ್ಸ್ ಐ ಪ್ಲಸ್ ಒನ್, ಅರೇ ಇಂಡೆಕ್ಸ್ ಸೊನ್ನೆಯಿಂದ ಶುರು, ಎಲ್ಲವೂ ಇರುತ್ತದೆ. ಇದನ್ನು ಬರೆಯುವಷ್ಟು ಬಂದರೆ ನೇರವಾಗಿ ಕೋಡೇ ಬರೆಯಬಹುದಲ್ಲ.

ನನ್ನ ಅಳತೆಗೋಲು ಸರಳ. ಪ್ರೋಗ್ರಾಮಿಂಗ್ ಗೊತ್ತಿಲ್ಲದ ಒಬ್ಬರ ಕೈಗೆ ಕಾಗದ ಪೆನ್ಸಿಲ್ ಕೊಟ್ಟು ಆ ಸಾಲು ಓದಿ ಹೇಳಿ. ಅವರು 'ಅಂದ್ರೆ?' ಅಂದರೆ ಸಾಲು ದಪ್ಪ ಇದೆ, ಇನ್ನೂ ಬಿಡಿಸಬೇಕು. 'ಗೊತ್ತಾಯ್ತು, ಮುಂದೆ ಹೇಳಿ' ಅಂದರೆ ಅಷ್ಟು ಸಾಕು. 'ಇದನ್ನೂ ಹೇಳ್ಬೇಕಾ?' ಅಂದರೆ ಅತಿಯಾಯಿತು.

ಹಾಗಂತ ದಪ್ಪ ಸಾಲು ಬರೆಯಲೇಬಾರದು ಅಂತಲ್ಲ. ಪಾಸ್ಕಲ್ ಭಾಷೆ ರೂಪಿಸಿದ ನಿಕ್ಲಾಸ್ ವಿರ್ತ್ 1971ರಲ್ಲಿ ಒಂದು ಲೇಖನ ಬರೆದರು. ಚದುರಂಗದ ಮಣೆಯ ಮೇಲೆ ಎಂಟು ರಾಣಿಯರನ್ನು ಒಬ್ಬರಿಗೊಬ್ಬರು ಹೊಡೆಯದ ಹಾಗೆ ಇಡುವ ಲೆಕ್ಕ ಅದರಲ್ಲಿ ಬರುತ್ತದೆ. ಅವರು ಶುರು ಮಾಡುವುದೂ ದಪ್ಪ ದಪ್ಪ ಸಾಲುಗಳಿಂದಲೇ. ಆಮೇಲೆ ಒಂದೊಂದನ್ನೇ ಬಿಡಿಸುತ್ತಾ ಹೋಗುತ್ತಾರೆ. ಪ್ರತಿ ಸಲ ಬಿಡಿಸುವಾಗಲೂ ಒಂದು ನಿರ್ಧಾರ ಮಾಡಬೇಕಾಗುತ್ತದೆ, ಆ ನಿರ್ಧಾರ ಮಾಡುತ್ತಿದ್ದೇವೆ ಅನ್ನುವ ಎಚ್ಚರ ಇರಬೇಕು ಅನ್ನುವುದು ಅವರ ವಾದ. ಆ ಹುಡುಗಿಯ ಮೂರು ಸಾಲು ಒಳ್ಳೆಯ ಶುರುವೇ ಆಗಿತ್ತು. ಎರಡನೇ ಸಾಲಿನ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಇದ್ದಿದ್ದರೆ ಸಾಕಿತ್ತು. ಈಗ ನಾನು ಇದನ್ನೇ ಹೇಳುತ್ತೇನೆ. ಗೊತ್ತಿಲ್ಲದ ಕಡೆ ದಪ್ಪ ಸಾಲು ಬರಿ, ಪಕ್ಕದಲ್ಲಿ ಪ್ರಶ್ನೆ ಹಾಕು, ಮುಂದೆ ಹೋಗು. ಪ್ರಶ್ನೆ ಇಲ್ಲದ ದಪ್ಪ ಸಾಲು ಮಾತ್ರ ಬೇಡ.

ಫ್ಲೋಚಾರ್ಟ್ (ಹೆಜ್ಜೆಗಳನ್ನು ಚೌಕ, ಬಾಣಗಳಲ್ಲಿ ತೋರಿಸುವ ಚಿತ್ರ) ಬೇಡವಾ ಅಂತ ಕೆಲವರು ಕೇಳುತ್ತಾರೆ. ಅದಕ್ಕೆ ಒಳ್ಳೆಯ ಮನೆತನವಿದೆ. 1947ರಲ್ಲೇ ಗಣಿತಜ್ಞರಾದ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ ಪ್ರೋಗ್ರಾಮ್ ಯೋಜಿಸಲು ಅಂಥ ಚಿತ್ರಗಳನ್ನು ಬಳಸಿದ್ದರು. ನೋಡುವುದಕ್ಕೆ ಚಂದ, ತಿದ್ದುವುದಕ್ಕೆ ಕಷ್ಟ. ನಡುವೆ ಒಂದು ಚೌಕ ಸೇರಿಸಬೇಕಾದರೆ ಅರ್ಧ ಪುಟ ಅಳಿಸಬೇಕು. ಅಳಿಸಲು ಬೇಜಾರು ಅಂತಲೇ ತಪ್ಪು ಯೋಜನೆಗೆ ಅಂಟಿಕೊಳ್ಳುವವರನ್ನು ನೋಡಿದ್ದೇನೆ. ಸಾಲುಗಳಾದರೆ ಬಾಣ ಎಳೆದರಾಯಿತು.

7, 7, 3

ಚೀಟಿ ಆಟ ಚೆನ್ನಾಗಿ ನಡೆದ ಮೇಲೆ ನಾನು ಕೊಡುವ ಮುಂದಿನ ಪಟ್ಟಿ ಇದು: 7, 7, 3. ಎರಡನೇ ದೊಡ್ಡದು ಯಾವುದು?

ಗುಂಪಿನಲ್ಲಿ ಕೇಳಿದರೆ ಜಗಳವೇ ಆಗುತ್ತದೆ. ಅರ್ಧ ಜನ 7 ಅಂತಾರೆ, ಅರ್ಧ ಜನ 3 ಅಂತಾರೆ. ಎರಡೂ ಕಡೆ ನ್ಯಾಯ ಇದೆ. ಓಟದಲ್ಲಿ ಇಬ್ಬರು ಒಟ್ಟಿಗೆ ಗುರಿ ಮುಟ್ಟಿದರೆ ಎರಡನೇ ಸ್ಥಾನ ಯಾರಿಗೆ ಅನ್ನುವಂಥ ಪ್ರಶ್ನೆ. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ನಾನು ಉತ್ತರ ಹೇಳುವುದಿಲ್ಲ. ಲೆಕ್ಕ ಕೊಟ್ಟವರನ್ನು ಕೇಳಬೇಕು ಅಂತೇನೆ. "ನೀವೇ ಅಲ್ವಾ ಸರ್ ಕೊಟ್ಟಿದ್ದು?" ಹೌದು, ಹಾಗಾದರೆ ಕೇಳಿ. ಕೇಳಬಹುದು ಅಂತಲೇ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಲೆಕ್ಕ ಅಂದಮೇಲೆ ಅದು ಪೂರ್ತಿಯಾಗಿಯೇ ಇರುತ್ತದೆ, ಉತ್ತರ ಹುಡುಕುವುದಷ್ಟೇ ನಮ್ಮ ಕೆಲಸ ಅಂತ ಶಾಲೆ ನಮ್ಮನ್ನು ರೂಢಿ ಮಾಡಿಸಿಬಿಟ್ಟಿದೆ.

ಮೇಲಿನ ಸೂಡೋಕೋಡ್ (ಸಾಲು ಅದಲುಬದಲು ಮಾಡಿದ ಮೇಲಿನದು) 7, 7, 3ಕ್ಕೆ 7 ಅನ್ನುತ್ತದೆ. 3 ಬರಬೇಕು ಅಂತ ತೀರ್ಮಾನಿಸಿದರೆ ಎಲ್ಲಿ ತಿದ್ದಬೇಕು? ಎಲ್ಲರೂ ಮೊದಲು ಲೂಪಿನ ಒಳಗೆ, ಅಂದರೆ 'ಉಳಿದ ಪ್ರತಿ ಸಂಖ್ಯೆಗೆ' ಅಂತ ಮತ್ತೆ ಮತ್ತೆ ನಡೆಯುವ ಭಾಗದೊಳಗೆ, ಕೈ ಹಾಕುತ್ತಾರೆ. 'ಸಂಖ್ಯೆ ದೊಡ್ಡದಕ್ಕೆ ಸಮ ಆಗಿರಬಾರದು' ಅಂತ ಒಂದು ಷರತ್ತು ಸೇರಿಸುತ್ತಾರೆ. 7, 3, 7ಕ್ಕೆ ಅದು ಸಾಕು. 7, 7, 3ಕ್ಕೆ ಸಾಲದು, ಯಾಕೆಂದರೆ ಮೊದಲ ಎರಡು ಸಂಖ್ಯೆ ತಗೊಂಡಾಗಲೇ 'ಎರಡನೆಯದು' 7 ಆಗಿ ಕೂತಿದೆ. ಶುರುವಿನ ಸಾಲೇ ಬದಲಾಗಬೇಕು. ಸಣ್ಣದೊಂದು ಪ್ರಶ್ನೆಗೆ ಬೇರೆ ಉತ್ತರ ಕೊಟ್ಟರೆ ಯೋಜನೆಯ ತಳಪಾಯವೇ ಅಲುಗುತ್ತದೆ. ಕಾಗದದಲ್ಲಿ ಇದು ಎರಡು ನಿಮಿಷದ ಕೆಲಸ.

ಇನ್ನೊಂದು ಪಟ್ಟಿ: -5, -2, -9. ಶುರುವಿನಲ್ಲಿ ಎರಡು ವೇರಿಯಬಲ್ಲಿಗೂ ಸೊನ್ನೆ ಹಾಕಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಪಟ್ಟಿಯಲ್ಲೇ ಇಲ್ಲದ 0 ಉತ್ತರವಾಗಿ ಬರುತ್ತದೆ. ಮತ್ತೊಂದು ಪಟ್ಟಿಯಲ್ಲಿ ಒಂದೇ ಸಂಖ್ಯೆ. ಆಮೇಲೊಂದು ಖಾಲಿ ಪಟ್ಟಿ. ಇಂಥ ಪಟ್ಟಿಗಳನ್ನು ಆರಿಸುವುದೇ ಅಭ್ಯಾಸ ಸಿದ್ಧ ಮಾಡುವುದರಲ್ಲಿ ಅರ್ಧ ಕೆಲಸ. ಈಗ ನಾನು ಲೆಕ್ಕದ ಹಾಳೆ ಮಾಡುವಾಗ ಮೊದಲು ಪಟ್ಟಿಗಳನ್ನು ಬರೆಯುತ್ತೇನೆ, ಪ್ರಶ್ನೆಯ ವಾಕ್ಯ ಕೊನೆಗೆ. ಕಲಿಯುವವರೂ ಅಷ್ಟೇ, ಪಟ್ಟಿಗಳ ಪಕ್ಕ ಉತ್ತರ ತುಂಬಿದ ಮೇಲೆಯೇ ಸೂಡೋಕೋಡಿಗೆ ಕೈ ಹಾಕಬೇಕು. ತುಂಬಲು ಆಗದ ಜಾಗ ಸಿಕ್ಕಿದರೆ ಅದೇ ಅವರು ಕೇಳಬೇಕಾದ ಪ್ರಶ್ನೆ.

ಮಳೆ ಲೆಕ್ಕ

ಹೊಸಬರ ಪಾಲಿಗೆ ಹೆಸರುವಾಸಿಯಾದ ಒಂದು ಲೆಕ್ಕ ಇದೆ. 1980ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಎಲಿಯಟ್ ಸೊಲೊವೇ ಇದನ್ನು ಪ್ರಸಿದ್ಧ ಮಾಡಿದರು. ದಿನದಿನದ ಮಳೆಯ ಅಳತೆ ಒಂದೊಂದಾಗಿ ಬರುತ್ತದೆ. 99999 ಬಂದರೆ ಮುಗಿಯಿತು ಅಂತ ಅರ್ಥ. ಸರಾಸರಿ ಹೇಳಬೇಕು. ನೆಗೆಟಿವ್ ಸಂಖ್ಯೆ ಬಂದರೆ ಬಿಟ್ಟುಬಿಡಬೇಕು. ಇಷ್ಟೇ. ಆದರೂ ಒಂದು ಸೆಮಿಸ್ಟರ್ ಕಲಿತವರೂ ಇದರಲ್ಲಿ ಎಡವುತ್ತಾರೆ ಅನ್ನುವುದು ಬೇರೆ ಬೇರೆ ಕಡೆ ಮತ್ತೆ ಮತ್ತೆ ಕಂಡಿದೆ. ಕೂಡಿಸುವುದು ಗೊತ್ತು, ಎಣಿಸುವುದು ಗೊತ್ತು, ನಿಲ್ಲಿಸುವುದು ಗೊತ್ತು, ಭಾಗಿಸುವುದು ಗೊತ್ತು. ನಾಲ್ಕನ್ನೂ ಒಂದರೊಳಗೊಂದು ಹೆಣೆಯುವಾಗ ಯಾವುದು ಮೊದಲು ಅನ್ನುವುದು ತಪ್ಪುತ್ತದೆ.

ಮೊತ್ತ = 0
ದಿನಗಳು = 0
ಹೀಗೆ ಮಾಡುತ್ತಲೇ ಇರು:
    ಸಂಖ್ಯೆ ಓದು
    ಸಂಖ್ಯೆ 99999 ಆದರೆ: ಹೊರಗೆ ಬಾ
    ಸಂಖ್ಯೆ < 0 ಆದರೆ: ಬಿಟ್ಟು ಮುಂದಿನದಕ್ಕೆ ಹೋಗು
    ಮೊತ್ತ = ಮೊತ್ತ + ಸಂಖ್ಯೆ
    ದಿನಗಳು = ದಿನಗಳು + 1
ದಿನಗಳು 0 ಆದರೆ: 'ಅಳತೆ ಇಲ್ಲ' ಅನ್ನು
ಇಲ್ಲದಿದ್ದರೆ: ಮೊತ್ತ / ದಿನಗಳು ತೋರಿಸು

10, 20, 99999 ಕೊಟ್ಟರೆ 15 ಬರಬೇಕು. ಮೊದಲು ಕೂಡಿಸಿ ಆಮೇಲೆ 99999 ಅಂತ ನೋಡಿದವರಿಗೆ 33343 ಬರುತ್ತದೆ. ಈ ತಪ್ಪಿನ ಬಗ್ಗೆ ನನಗೆ ಚಿಂತೆ ಇಲ್ಲ, ಆ ಉತ್ತರವೇ ಕಿರುಚುತ್ತದೆ. ಚಿಂತೆ ಇರುವುದು 10, -5, 20, 99999ರ ಬಗ್ಗೆ. -5ನ್ನು ಮೊತ್ತಕ್ಕೆ ಸೇರಿಸದೆ, ಆದರೆ ದಿನ ಎಣಿಸಿಬಿಟ್ಟರೆ 10 ಬರುತ್ತದೆ. ನೋಡಲು ಎಷ್ಟು ಸಾಧು ಉತ್ತರ! ಯಾರಿಗೂ ಅನುಮಾನವೇ ಬರುವುದಿಲ್ಲ. ಹಾಗೆಯೇ '0ಗಿಂತ ಜಾಸ್ತಿ ಇದ್ದರೆ ಮಾತ್ರ ಸೇರಿಸು' ಅಂತ ಬರೆದವರು ಮಳೆ ಬಾರದ ದಿನಗಳನ್ನೇ ಕ್ಯಾಲೆಂಡರಿನಿಂದ ಕಿತ್ತುಹಾಕಿರುತ್ತಾರೆ. ಡ್ರೈ ರನ್ ಪಟ್ಟಿಯಲ್ಲಿ 'ದಿನಗಳು' ಅಂತ ಒಂದು ಕಾಲಂ ಇದ್ದರೆ ಇವೆಲ್ಲ ಅಲ್ಲೇ ಕಾಣುತ್ತವೆ.

ಇದಕ್ಕೆ ಸಂಬಂಧಿಸಿದ ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿತು. 1983ರಲ್ಲಿ ಸೊಲೊವೇ, ಜೆಫ್ರಿ ಬೋನಾರ್, ಕೇಟ್ ಅರ್ಲಿಕ್ ಮೂವರೂ ಸೇರಿ ಲೂಪುಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಮನುಷ್ಯರಿಗೆ ಸಹಜವಾಗಿ ಬರುವ ಕ್ರಮ 'ಓದು, ಆಮೇಲೆ ಅದರ ಕೆಲಸ ಮಾಡು'. ಪಾಸ್ಕಲ್‌ನ ವೈಲ್ ಲೂಪ್ (ಷರತ್ತನ್ನು ಶುರುವಿನಲ್ಲೇ ನೋಡುವ ಲೂಪ್) ಕೇಳುವ ಕ್ರಮ ಬೇರೆ. ಲೂಪಿಗೆ ಮುಂಚೆ ಒಂದು ಸಲ ಓದು, ಒಳಗೆ ಹೋಗಿ ಈಗಾಗಲೇ ಓದಿದ್ದರ ಕೆಲಸ ಮಾಡು, ಕೊನೆಗೆ ಮುಂದಿನದನ್ನು ಓದು. ನಡುವಿನಿಂದ ಹೊರಬರಲು ಬಿಡುವ ಲೂಪ್ ಕೊಟ್ಟಾಗ ಜನ ಹೆಚ್ಚು ಸರಿಯಾಗಿ ಬರೆದರು. ಅಂದರೆ ಎಡವಿದ್ದಕ್ಕೆ ಒಂದು ಕಾರಣ ಭಾಷೆಯ ಆಕಾರ. ಸೂಡೋಕೋಡಿನಲ್ಲಿ ಆ ಕಾಟ ಇಲ್ಲ. ಮೇಲೆ 'ಹೊರಗೆ ಬಾ' ಅನ್ನುವ ಸಾಲು ಲೂಪಿನ ನಡುವೆ ಇದೆ ನೋಡಿ. ಮೊದಲು ನಮಗೆ ತೋಚಿದ ಕ್ರಮದಲ್ಲಿ ಬರೆದುಕೊಳ್ಳಬಹುದು, ಅದನ್ನು ಭಾಷೆಗೆ ಹೊಂದಿಸುವುದು ಎರಡನೇ ಕೆಲಸ. ಎರಡೂ ಒಟ್ಟಿಗೆ ತಲೆ ಮೇಲೆ ಬಿದ್ದರೆ ಹೊಸಬರು ಕುಸಿಯುತ್ತಾರೆ.

'ಸಾರ್ಟ್ ಮಾಡಿದ್ರೆ ಆಯ್ತಲ್ಲ ಸರ್'

ಪೈಥಾನ್ ಭಾಷೆ ನೋಡಲು ಸೂಡೋಕೋಡ್ ತರಹವೇ ಇದೆ, ಹಾಗಿದ್ದಾಗ ಬೇರೆ ಯಾಕೆ ಅಂತ ಕೇಳುವವರಿದ್ದಾರೆ. ಒಬ್ಬ ಹುಡುಗ ಎರಡನೇ ದೊಡ್ಡ ಸಂಖ್ಯೆಯ ಲೆಕ್ಕಕ್ಕೆ ಒಂದೇ ಸಾಲು ಬರೆದು ತೋರಿಸಿದ. ಪಟ್ಟಿಯನ್ನು ಸಾರ್ಟ್ ಮಾಡು (ಸಣ್ಣದರಿಂದ ದೊಡ್ಡದಕ್ಕೆ ಜೋಡಿಸು), ಕೊನೆಯಿಂದ ಎರಡನೆಯದನ್ನು ತಗೋ. ಮುಖದಲ್ಲಿ ಗೆದ್ದ ನಗು. ಬೈಯುವ ಹಾಗಿಲ್ಲ, ಉತ್ತರ ಸರಿ ಇದೆ. ಪಟ್ಟಿಯಲ್ಲಿ ಒಂದೇ ಸಂಖ್ಯೆ ಇದ್ದರೆ ಎರರ್ ಬರುತ್ತದೆ ಅಂತ ತೋರಿಸಿದೆ, ಅದಕ್ಕೊಂದು ಇಫ್ ('ಹೀಗಿದ್ದರೆ ಹೀಗೆ ಮಾಡು' ಅನ್ನುವ ಷರತ್ತು) ಹಾಕಿ ಮತ್ತೆ ನಕ್ಕ.

ಕೆಲಸದಲ್ಲಿ ಯಾರಾದರೂ ಹೀಗೆ ಬರೆದರೆ ನಾನೂ ಒಪ್ಪುತ್ತೇನೆ. ಲೆಕ್ಕದ ಉದ್ದೇಶ ಕಲಿಸುವುದಾದರೆ, ಆ ಬಾಗಿಲು ಮುಚ್ಚಬೇಕಾದದ್ದು ಲೆಕ್ಕದಲ್ಲೇ. ಹಾಗಾಗಿ ಈಗ ಪ್ರಶ್ನೆಗೆ ಒಂದು ವಾಕ್ಯ ಸೇರಿದೆ: ಸಂಖ್ಯೆಗಳು ಒಂದೊಂದಾಗಿ ಬರುತ್ತವೆ, ಎಲ್ಲವನ್ನೂ ಕೂಡಿಡುವ ಜಾಗ ಇಲ್ಲ. ಇದು ಸುಮ್ನೆ ಹೇರಿದ ನಿಯಮವೂ ಅಲ್ಲ. ನಿಲ್ಲದೆ ಸಂಖ್ಯೆ ಕಳಿಸುವ ಸೆನ್ಸರ್ ಒಂದು ಸಣ್ಣ ಚಿಪ್ಪಿಗೆ ಜೋಡಿಸಿದ್ದರೆ ನಿಜವಾಗಿಯೂ ಹೀಗೇ ಇರುತ್ತದೆ. ಆ ಒಂದು ವಾಕ್ಯದಿಂದ ಸಾರ್ಟ್ ಬಾಗಿಲು ಮುಚ್ಚುತ್ತದೆ, ಚೀಟಿ ಆಟದ ನಿಯಮ ತಾನಾಗಿ ತೆರೆದುಕೊಳ್ಳುತ್ತದೆ.

ಕೇಳಿದ ಕೂಡಲೇ ಕೋಡ್ ಬರೆದುಕೊಡುವ ಎಐ ಇರುವಾಗ ಇದೆಲ್ಲ ಬೇಕಾ ಅನ್ನುವ ಪ್ರಶ್ನೆಯೂ ಬರುತ್ತದೆ. 'ಎರಡನೇ ದೊಡ್ಡ ಸಂಖ್ಯೆ ಹುಡುಕುವ ಪ್ರೋಗ್ರಾಮ್ ಬರಿ' ಅಂದರೆ ಅದು ಬರೆಯುತ್ತದೆ. ಆದರೆ 7, 7, 3ಕ್ಕೆ 7 ಬೇಕಾ 3 ಬೇಕಾ ಅನ್ನುವುದನ್ನು ನಿಮ್ಮನ್ನು ಕೇಳದೆ ತಾನೇ ತೀರ್ಮಾನಿಸಿರಬಹುದು. ಆ ಪ್ರಶ್ನೆ ಇದೆ ಅಂತ ಗೊತ್ತಿದ್ದವರು ಕೋಡ್ ಓದುವಾಗ ನೇರ ಆ ಜಾಗಕ್ಕೇ ಹೋಗಿ ನೋಡುತ್ತಾರೆ.

ಇನ್ನು ಯಾವಾಗ ನಿಲ್ಲಿಸಬೇಕು ಅನ್ನುವುದು. ಲೂಪು, ಇಫ್ ಸಲೀಸಾಗಿ ಬರುವವರಿಗೆ ನಾಲ್ಕು ಸಾಲಿನ ಫಂಕ್ಷನ್ನಿಗೂ ಸೂಡೋಕೋಡ್ ಕೊಡು ಅಂತ ಕೂರುವುದು ಶಿಕ್ಷೆ. ಅಂಥವರಿಗೆ ನಾನು ಕೇಳುವುದನ್ನು ಬಿಟ್ಟಿದ್ದೇನೆ. ಪಟ್ಟಿಗಳು ಮತ್ತು ಅವುಗಳ ಉತ್ತರ ಮಾತ್ರ ಮೊದಲೇ ಬೇಕು ಅಂತೇನೆ, ಅದರಲ್ಲಿ ರಿಯಾಯಿತಿ ಇಲ್ಲ. ಕೋಡಿನಲ್ಲಿ ಅರ್ಧ ದಾರಿ ಹೋಗಿ ಸಿಕ್ಕಿಕೊಂಡವರು ಕೆಲವರು ತಾವಾಗಿಯೇ ಕೀಬೋರ್ಡ್ ಪಕ್ಕಕ್ಕೆ ತಳ್ಳಿ ಹಾಳೆ ಎಳೆದುಕೊಳ್ಳುತ್ತಾರೆ. ಕೆಲವರು ಎಳೆದುಕೊಳ್ಳುವುದಿಲ್ಲ, ವೇರಿಯಬಲ್ಲಿನೊಳಗೆ ಏನಿದೆ ಅಂತ ತೆರೆಯ ಮೇಲೆ ತೋರಿಸಲು ಪ್ರಿಂಟ್ ಮೇಲೆ ಪ್ರಿಂಟ್ ಹಾಕಿ ಹುಡುಕುತ್ತಾರೆ. ಅದೂ ಡ್ರೈ ರನ್ನೇ, ಕಾಲಂ ತುಂಬುವ ಕೆಲಸ ಕಂಪ್ಯೂಟರಿನದು ಅಷ್ಟೇ. ಅವರನ್ನು ನಾನು ತಡೆಯುವುದಿಲ್ಲ.